ಅಳಿಸಿದರೂ ಮರಳಿ ಬರುತ್ತಿದ್ದ ಕಡತ

ಅಣ್ಣನ ಮಗಳ ಲ್ಯಾಪ್‌ಟಾಪಿಗೆ ಯಾರೋ ಕನ್ನ ಹಾಕಿದ್ದಾರೆ ಎಂಬ ಅನುಮಾನ ಹುಟ್ಟಿದ್ದು ಅವಳ ಇಮೇಲ್ ಖಾತೆಯಿಂದ. ಅಪರಿಚಿತ ಸ್ಥಳದಿಂದ ಲಾಗಿನ್ ಆಗಿದೆ ಎಂಬ ಎಚ್ಚರಿಕೆ ಬಂದಾಗ ಅವಳು ಪಾಸ್‌ವರ್ಡ್ ಬದಲಿಸಿದ್ದಳು. ಮರುದಿನ ಮತ್ತೆ ಅದೇ ಎಚ್ಚರಿಕೆ ಬಂತು. ಹೊಸ ಪಾಸ್‌ವರ್ಡ್ ಕೂಡ ಇಷ್ಟು ಬೇಗ ಹೊರಗಿನವರ ಕೈ ಸೇರುತ್ತದೆಂದರೆ, ಅದನ್ನು ಟೈಪ್ ಮಾಡಿದ ಯಂತ್ರವನ್ನೇ ಮೊದಲು ಪರೀಕ್ಷಿಸಬೇಕು. “ಆದರೆ ಚಿಕ್ಕಪ್ಪ, ಆಂಟಿವೈರಸ್ ಎಲ್ಲ ಸರಿಯಿದೆ ಅಂತಿದೆಯಲ್ಲ” ಎಂದು ಅವಳು ಪರದೆಯ ಮೂಲೆಯಲ್ಲಿದ್ದ ಹಸಿರು ಗುರುತನ್ನು ತೋರಿಸಿದಳು.

ತೆರೆದಿದ್ದ ತಂತ್ರಾಂಶಗಳನ್ನೆಲ್ಲ ಮುಚ್ಚಿಸಿ, ಕಮಾಂಡ್ ಪ್ರಾಂಪ್ಟ್‌ನಲ್ಲಿ ನೆಟ್‌ಸ್ಟಾಟ್ ಆದೇಶವನ್ನು ಓಡಿಸಿದೆ. ಯಂತ್ರವು ಆ ಕ್ಷಣ ಯಾವ ಯಾವ ವಿಳಾಸಗಳೊಂದಿಗೆ ಸಂಪರ್ಕದಲ್ಲಿದೆ, ಪ್ರತಿಯೊಂದು ಸಂಪರ್ಕದ ಹಿಂದಿರುವ ಪ್ರಾಸೆಸ್‌ನ, ಅಂದರೆ ಓಡುತ್ತಿರುವ ತಂತ್ರಾಂಶದ, ಸಂಖ್ಯೆ ಏನು ಎಂಬುದನ್ನು ಅದು ಸಾಲುಸಾಲಾಗಿ ತೋರಿಸುತ್ತದೆ. ಒಂದು ಸಂಪರ್ಕ ಮಾತ್ರ ಕಡಿದ ಕೂಡಲೇ ಮತ್ತೆ ಹುಟ್ಟಿಕೊಳ್ಳುತ್ತಿತ್ತು. ಅದರ ಸಂಖ್ಯೆಯನ್ನು ಹಿಡಿದು ಟಾಸ್ಕ್ ಮ್ಯಾನೇಜರಿನಲ್ಲಿ ಹುಡುಕಿದರೆ ಸಿಕ್ಕ ಹೆಸರು ‘ಎಸ್‌ವಿಸಿಹೋಸ್ಟ್’. ಯಾವ ವಿಂಡೋಸ್ ಯಂತ್ರದಲ್ಲಾದರೂ ಈ ಹೆಸರಿನ ಹತ್ತಾರು ಪ್ರಾಸೆಸ್‌ಗಳು ಓಡುತ್ತಲೇ ಇರುತ್ತವೆಯಾದ್ದರಿಂದ ಯಾರಿಗೂ ಸಂಶಯ ಬರುವುದಿಲ್ಲ. ಅಡಗಿಕೊಳ್ಳಲು ಈ ಹೆಸರನ್ನೇ ಆರಿಸಿಕೊಂಡಿರುವುದೂ ಅದಕ್ಕೇ. ಆದರೆ ನಿಜವಾದ ಎಸ್‌ವಿಸಿಹೋಸ್ಟ್ ವಿಂಡೋಸ್‌ನ ಸಿಸ್ಟಮ್32 ಫೋಲ್ಡರಿನಲ್ಲಿರಬೇಕು. ಇದರ ಕಡತವಿರುವ ಜಾಗವನ್ನು ತೆರೆದಾಗ ಕಂಡದ್ದು ಅವಳದೇ ಬಳಕೆದಾರ ಖಾತೆಯೊಳಗಿನ ಆಪ್‌ಡೇಟಾ ಫೋಲ್ಡರ್. ಅಷ್ಟು ಖಚಿತವಾದ ಮೇಲೆ ವೈಫೈ ಕಡಿದುಹಾಕಿದೆ.

ಫೈರ್‌ವಾಲ್ ಇದ್ದರೂ ಇದು ಹೇಗೆ ಸಾಧ್ಯ ಎಂದು ಅವಳು ಕೇಳಿದ್ದು ಸಹಜವಾಗಿತ್ತು. 1998ರಲ್ಲಿ ಹೊರಬಂದ ಬ್ಯಾಕ್ ಒರಿಫಿಸ್‌ನಂತಹ ಹಳೆಯ ಹಿಂಬಾಗಿಲು ತಂತ್ರಾಂಶಗಳು (ಹೊರಗಿನವರಿಗೆ ಯಂತ್ರದೊಳಗೆ ಗುಟ್ಟಾಗಿ ದಾರಿ ಮಾಡಿಕೊಡುವಂಥವು) ಸೋಂಕಿತ ಯಂತ್ರದಲ್ಲಿ 31337ರಂಥ ಒಂದು ಪೋರ್ಟ್, ಅಂದರೆ ಸಂಪರ್ಕಕ್ಕೆ ಬಳಸುವ ಸಂಖ್ಯೆಯುಳ್ಳ ದ್ವಾರ, ತೆರೆದು, ಹೊರಗಿನ ಕರೆಗಾಗಿ ಕಾದು ಕುಳಿತಿರುತ್ತಿದ್ದವು. ಈಗಿನವು ಸಾಮಾನ್ಯವಾಗಿ ಒಳಗಿನಿಂದ ತಾವೇ ಹೊರಗಿನ ಸರ್ವರಿಗೆ ಕರೆ ಮಾಡುತ್ತವೆ, ಅದೂ ಬ್ರೌಸರ್ ಬಳಸುವ 443ನೇ ಪೋರ್ಟ್ ಮೂಲಕ. ವಿಂಡೋಸ್‌ನ ಫೈರ್‌ವಾಲ್ ಹೊರಗಿನಿಂದ ಬರುವವರನ್ನು ತಡೆದು ನಿಲ್ಲಿಸುವ, ಒಳಗಿನಿಂದ ಹೊರಟವರನ್ನು ಏನೂ ಕೇಳದ ಕಾವಲುಗಾರನಂತೆ. ಬೇರೆ ನಿಯಮ ಹಾಕದ ಹೊರತು ಹೊರಹೋಗುವ ಸಂಪರ್ಕಗಳನ್ನು ಅದು ಬಿಟ್ಟುಬಿಡುತ್ತದೆ.

ಹಸಿರು ಗುರುತಿನ ಗುಟ್ಟು ಬೇರೆ ಕಡೆ ಇತ್ತು. ವಿಂಡೋಸ್‌ನದೇ ಆಂಟಿವೈರಸ್ ಆದ ಡಿಫೆಂಡರಿನ ಸೆಟ್ಟಿಂಗ್‌ಗಳಲ್ಲಿ, ಪರೀಕ್ಷೆಯಿಂದ ವಿನಾಯಿತಿ ಪಡೆದ ಜಾಗಗಳ ಪಟ್ಟಿಯಲ್ಲಿ, ಅದೇ ಆಪ್‌ಡೇಟಾ ಫೋಲ್ಡರಿನ ಹೆಸರು ನಮೂದಾಗಿತ್ತು. ವಿಡಿಯೊ ಸಂಪಾದಿಸುವ ತಂತ್ರಾಂಶವೊಂದರ ಕ್ರ್ಯಾಕ್ ಆವೃತ್ತಿಯನ್ನು (ಹಣ ಕೊಡದೆ ಬಳಸಲು ಬೀಗ ಮುರಿದ ಪ್ರತಿಯನ್ನು) ಗೆಳತಿಯೊಬ್ಬಳು ಕೊಟ್ಟಿದ್ದಳಂತೆ. ಅದನ್ನು ಸ್ಥಾಪಿಸುವಾಗ ಅಡ್ಮಿನ್ ಅನುಮತಿ ಕೇಳಿತ್ತು, ಇವಳು ಕೊಟ್ಟಿದ್ದಳು. ಆ ಅನುಮತಿ ಸಿಕ್ಕಿದ ಮೇಲೆ ವಿನಾಯಿತಿ ಪಟ್ಟಿಗೆ ಒಂದು ಸಾಲು ಸೇರಿಸುವುದು ಕ್ಷಣದ ಕೆಲಸ. ವಿಡಿಯೊ ತಂತ್ರಾಂಶ ಮಾತ್ರ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು ಎಂಬುದನ್ನು ಇಲ್ಲಿ ಹೇಳಬೇಕು. ಕೆಟ್ಟುಹೋಗಿದ್ದರೆ ಅವಳೇ ತೆಗೆದುಹಾಕುತ್ತಿದ್ದಳು.

ಇಂತಹವನ್ನು ಪತ್ತೆ ಮಾಡುವುದು ಎಷ್ಟೋ ಸಲ ಆಂಟಿವೈರಸ್ ಅಲ್ಲ, ಸಣ್ಣದೊಂದು ಅಸಹಜತೆಯನ್ನು ಬಿಡದೆ ಬೆನ್ನಟ್ಟುವ ಮನುಷ್ಯ ಎಂದು ನನಗನ್ನಿಸುತ್ತದೆ. 2024ರ ಮಾರ್ಚ್‌ನಲ್ಲಿ ಲಿನಕ್ಸ್‌ನ ಎಕ್ಸ್‌ಜೆಡ್ ಎಂಬ ಸಂಕುಚನ ತಂತ್ರಾಂಶದೊಳಗೆ ಹುದುಗಿಸಿದ್ದ ಹಿಂಬಾಗಿಲು ಬೆಳಕಿಗೆ ಬಂದದ್ದು, ದೂರದ ಯಂತ್ರಕ್ಕೆ ಪ್ರವೇಶಿಸಲು ಬಳಸುವ ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡು ತಡವಾಗುತ್ತಿದೆ ಎಂಬುದನ್ನು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಗಮನಿಸಿದ್ದರಿಂದ.

ಪ್ರಾಸೆಸ್ ನಿಲ್ಲಿಸಿ, ಕಡತ ಅಳಿಸಿ, ಯಂತ್ರವನ್ನು ಮರುಚಾಲನೆ ಮಾಡಿದೆ. ಅದೇ ಹೆಸರಿನ ಕಡತ ಅದೇ ಜಾಗದಲ್ಲಿ ಮತ್ತೆ ಬಂದು ಕುಳಿತಿತ್ತು. ಆಗ ಬೇರೊಂದು ಯಂತ್ರದಲ್ಲಿ ಮೈಕ್ರೋಸಾಫ್ಟ್‌ನ ಆಟೋರನ್ಸ್ ಉಪಕರಣವನ್ನು ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ತಂದೆ. ವಿಂಡೋಸ್ ಏಳುವಾಗ ತಾನಾಗಿ ಶುರುವಾಗುವುದನ್ನೆಲ್ಲ ಅದು ಒಂದೇ ಕಡೆ ತೋರಿಸುತ್ತದೆ. ಮೈಕ್ರೋಸಾಫ್ಟ್‌ನ ನಮೂದುಗಳನ್ನು ಮರೆಮಾಡಿದರೆ ಉಳಿಯುವ ಪಟ್ಟಿ ಚಿಕ್ಕದು. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯ ರನ್ ಕೀಲಿಯಲ್ಲಿ ಒಂದು ನಮೂದಿತ್ತು. ಅದಕ್ಕಿಂತ ಜಾಣತನದಿಂದ ಇಟ್ಟದ್ದು ಟಾಸ್ಕ್ ಶೆಡ್ಯೂಲರಿನಲ್ಲಿದ್ದ, ಯಾವುದೋ ಅಪ್‌ಡೇಟ್ ಎಂಬಂತೆ ಹೆಸರಿಸಿದ್ದ ಕೆಲಸ: ಲಾಗಿನ್ ಆದಾಗಲೆಲ್ಲ ಅದು ಇನ್ನೊಂದು ಫೋಲ್ಡರಿನಲ್ಲಿ ಬಚ್ಚಿಟ್ಟ ಪ್ರತಿಯಿಂದ ಕಡತವನ್ನು ಮತ್ತೆ ನಕಲಿಸುತ್ತಿತ್ತು. ಎರಡನ್ನೂ ತೆಗೆದು, ವಿನಾಯಿತಿ ಪಟ್ಟಿಯನ್ನು ಖಾಲಿ ಮಾಡಿ, ವಿಂಡೋಸ್ ಏಳುವುದಕ್ಕೆ ಮೊದಲೇ ಓಡುವ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ನಡೆಸಿದೆ. ಆ ಬಳಿಕ ಕಡತ ಮರಳಲಿಲ್ಲ.

ಅಷ್ಟಕ್ಕೇ ಬಿಡಬಹುದಿತ್ತು ಎಂದು ಅವಳ ವಾದ, ನಾನು ಒಪ್ಪಲಿಲ್ಲ. ಅಡ್ಮಿನ್ ಅಧಿಕಾರ ಕೈಯಲ್ಲಿದ್ದವರು ಇನ್ನೇನನ್ನು ಬದಲಿಸಿದ್ದಾರೆ ಎಂಬುದನ್ನು ಯಾವ ಸ್ಕ್ಯಾನರೂ ಖಾತರಿಯಾಗಿ ಹೇಳಲಾರದು. ದಾಖಲೆ, ಚಿತ್ರಗಳನ್ನಷ್ಟೇ ನಕಲಿಸಿಕೊಂಡು, ಇನ್‌ಸ್ಟಾಲರ್‌ಗಳನ್ನೆಲ್ಲ ಅಲ್ಲಿಯೇ ಬಿಟ್ಟು, ಬೇರೆ ಯಂತ್ರದಲ್ಲಿ ಸಿದ್ಧಪಡಿಸಿದ ಪೆನ್‌ಡ್ರೈವಿನಿಂದ ಡಿಸ್ಕ್ ಪೂರ್ತಿ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕಿದೆ.

ಅದು ನಡೆಯುತ್ತಿರುವಾಗ ಅವಳು ತನ್ನ ಫೋನಿನಿಂದ ಪಾಸ್‌ವರ್ಡ್‌ಗಳನ್ನು ಬದಲಿಸಿ, ಎರಡು ಹಂತದ ದೃಢೀಕರಣ ಹಾಕಿ, ಎಲ್ಲ ಸಾಧನಗಳಿಂದಲೂ ಸೈನ್ ಔಟ್ ಮಾಡಿದಳು. ಬ್ರೌಸರಿನಿಂದ ಕದ್ದ ಕುಕಿ (ಲಾಗಿನ್ ಆಗಿರುವುದನ್ನು ನೆನಪಿಡುವ ಸಣ್ಣ ಗುರುತು) ಇದ್ದರೆ ಪಾಸ್‌ವರ್ಡ್ ಇಲ್ಲದೆಯೂ ಖಾತೆಯೊಳಗೆ ಉಳಿಯಬಹುದಾದ್ದರಿಂದ ಆ ಕೊನೆಯ ಹೆಜ್ಜೆ ಬಿಡುವಂತಿಲ್ಲ. ಇಮೇಲಿನ ಸೆಟ್ಟಿಂಗ್‌ಗಳನ್ನು ನೋಡುತ್ತಾ ಹೋದಾಗ, ಬಂದ ಪತ್ರಗಳೆಲ್ಲದರ ಪ್ರತಿಯನ್ನು ಗುರುತಿಲ್ಲದ ಒಂದು ವಿಳಾಸಕ್ಕೆ ಕಳುಹಿಸುವ ನಿಯಮವೂ ಅಲ್ಲಿತ್ತು. ವಿಂಡೋಸ್ ಎಷ್ಟು ಸಲ ಹೊಸದಾಗಿ ಹಾಕಿದ್ದರೂ ಅದು ಅಲ್ಲಿಯೇ ಇರುತ್ತಿತ್ತು. ಅವಳು ಅದನ್ನು ಅಳಿಸಿದಳು.