ಮುರಕಲ್ಲು ಕುಡಿದ ಮಳೆ

ಕಾಸರಗೋಡಿನ ಬಾಯಾರು ಕಡೆ, ನೀರಿಗಾಗಿ ಗುಡ್ಡಕ್ಕೆ ಅಡ್ಡಡ್ಡ ಕೊರೆದ ಒಂದು ಹಳೆ ಸುರಂಗದೊಳಗೆ ಇವತ್ತು ಸ್ವಲ್ಪ ದೂರ ಹೋಗಿದ್ದೆ. ಟಾರ್ಚ್ ಬೆಳಕಿಗೆ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲು, ಲ್ಯಾಟರೈಟ್) ಗೋಡೆ ಕೆಂಪಗೆ, ತೂತು ತೂತಾಗಿ ಕಾಣುತ್ತಿತ್ತು. ಒಂದೊಂದು ತೂತಿನ ಬಾಯಲ್ಲೂ ಹನಿ.

ನಮ್ಮ ಕಾಸರಗೋಡಿನಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ. ಮುರಕಲ್ಲು ಅದನ್ನು ಬೇಗ ಕುಡಿಯುತ್ತದೆ, ಬೇಗ ಬಿಟ್ಟೂ ಬಿಡುತ್ತದೆ. ಕೆಳಗಿರುವುದು ಶೇಡಿ ಮಣ್ಣು, ಅಂದರೆ ಒಂದು ಬಗೆಯ ಜೇಡಿಮಣ್ಣು. ಕೈಯಲ್ಲಿ ತಿಕ್ಕಿದರೆ ಬೆಣ್ಣೆಯ ಹಾಗೆ ನುಣ್ಣಗೆ. ಕಣಗಳ ನಡುವಿನ ಸಂದು ತೀರಾ ಸಣ್ಣದಾದ್ದರಿಂದ ನೀರು ಸುಲಭಕ್ಕೆ ಇಳಿಯುವುದಿಲ್ಲ. ಅಡ್ಡಕ್ಕೆ ಹರಿದು ಗುಡ್ಡದ ಬದಿಯಲ್ಲಿ ಒರತೆಯಾಗಿ ಹೊರಡುತ್ತದೆ. ಸುರಂಗ ಕೊರೆದ ಹಿರಿಯರು ಹಿಡಿದದ್ದು ಇದೇ ಜಾಡನ್ನು. ಪಂಪ್ ಬೇಡ, ಕರೆಂಟ್ ಬೇಡ, ನೀರು ತಾನಾಗಿ ಹೊರಗಿನ ಟಾಂಕಿಗೆ ಬರುತ್ತದೆ. ಎಂಥಾ ತಿಳಿವಳಿಕೆ ಅಲ್ವಾ!

ಇನ್ನೂ ಕೆಳಗೆ ಗಟ್ಟಿ ಕರಿಕಲ್ಲು. ಅಲ್ಲಿ ನೀರಿರುವುದು ಬಿರುಕುಗಳಲ್ಲಿ ಮಾತ್ರ. ಬಿರುಕು ಸಿಕ್ಕಿದರೆ ಬೋರ್‌ವೆಲ್‌ಗೆ ನೀರು, ಪಕ್ಕದಲ್ಲೇ ಕೊರೆದರೂ ಬರೀ ಧೂಳು ಬರಬಹುದು. ಮೇಲಿನ ಮಳೆ ಅಲ್ಲಿಗೆ ತಲುಪುವುದೂ ನಿಧಾನ.

ಗುಡ್ಡದ ನೆತ್ತಿಯಿಂದ ಮುರಕಲ್ಲು ಕಡಿದು ಲಾರಿಗೆ ತುಂಬುವುದನ್ನು ನೋಡಿದಾಗ ಸಂಕಟವಾಗುತ್ತದೆ. ಮಳೆ ಹೀರುವ ಪದರವೇ ಹೋಗುತ್ತಿದೆ. ಈ ಬೇಸಿಗೆ ಮುಗಿಯುವುದರೊಳಗೆ ನಮ್ಮ ಅಡಿಕೆ ತೋಟದ ಮೇಲ್ಗಡೆ ಇಂಗುಗುಂಡಿ ತೋಡಿಸಬೇಕು. ಅನುಭವ ಇದ್ದವರು ಹೇಳಿ, ಇಳಿಜಾರಿನಲ್ಲಿ ಎಷ್ಟು ಅಂತರ ಬಿಡಬೇಕು?