ಮಾಲಿಬು ಬೆಟ್ಟದ ನಡುವಿನ ಕೊರಿಯಾ

ಲಾಸ್ ಏಂಜಲೀಸ್‌ಗೆ ಬಂದ ಹೊಸದರಲ್ಲಿ, ಕಚೇರಿಯ ಹಿರಿಯರು ಮಾತುಮಾತಿಗೆ ‘ಮ್ಯಾಶ್’ ಎಂಬ ಹಳೆಯ ಟಿ.ವಿ. ಧಾರಾವಾಹಿಯ ಪ್ರಸ್ತಾಪ ತೆಗೆಯುವುದನ್ನು ಕೇಳಿ, ಅದೇನೆಂದು ತಿಳಿಯುವ ಕುತೂಹಲದಿಂದ ಅದರ ಡಿವಿಡಿಗಳನ್ನು ತಂದು ನೋಡತೊಡಗಿದೆ. ಕೊರಿಯಾ ಯುದ್ಧದ ಮುಂಚೂಣಿಗೆ ಸಮೀಪದಲ್ಲಿ, ಡೇರೆಗಳಲ್ಲಿಯೇ ನಡೆಯುತ್ತಿದ್ದ ಅಮೆರಿಕನ್ ಸೇನೆಯ ಸಂಚಾರಿ ಶಸ್ತ್ರಚಿಕಿತ್ಸಾ ಆಸ್ಪತ್ರೆಯೊಂದರ ಕಥೆ ಅದು. 1950ರಿಂದ 1953ರವರೆಗೆ ಮೂರು ವರ್ಷ ನಡೆದ ಯುದ್ಧವನ್ನು ಈ ಧಾರಾವಾಹಿ 1972ರಿಂದ 1983ರವರೆಗೆ ಎಳೆಯಿತೆಂದು ಗೇಲಿ ಮಾಡುವವರಿದ್ದಾರೆ; ಆದರೆ ಅದು ಆರಂಭವಾದಾಗ ವಿಯೆಟ್ನಾಂ ಯುದ್ಧ ಇನ್ನೂ ಮುಗಿದಿರಲಿಲ್ಲವೆಂಬುದನ್ನು ನೆನೆದರೆ, ಕೊರಿಯಾದ ನೆಪದಲ್ಲಿ ಯಾವ ಯುದ್ಧದ ಮಾತು ನಡೆದಿತ್ತೆಂಬುದನ್ನು ಊಹಿಸುವುದು ಕಷ್ಟವಲ್ಲ.

ಊರಿನಿಂದ ಬಂದಿದ್ದ ನಮ್ಮ ತಾಯಿಯವರು ಒಂದು ಸಂಜೆ ಪಕ್ಕದಲ್ಲಿ ಕುಳಿತು ಬಟಾಣಿ ಬಿಡಿಸುತ್ತಾ, “ಇಷ್ಟು ಜನ ನಗ್ತಿದಾರೆ, ಒಬ್ಬರೂ ಕಾಣ್ಸಲ್ವಲ್ಲೋ” ಎಂದರು. ಇಂಗ್ಲಿಷ್ ತಿಳಿಯದ ಅವರಿಗೆ ಹೊಳೆದದ್ದು ನನಗೆ ಹೊಳೆದಿರಲಿಲ್ಲ. ಅದು ಮೊದಲೇ ಮುದ್ರಿಸಿಟ್ಟುಕೊಂಡ ನಗು. ಧಾರಾವಾಹಿಯನ್ನು ರೂಪಿಸಿದ ಲ್ಯಾರಿ ಗೆಲ್ಬಾರ್ಟ್ ಮತ್ತು ಜೀನ್ ರೆನಾಲ್ಡ್ಸ್ ಅವರಿಗೆ ಅದು ಬೇಡವಾಗಿದ್ದರೂ ಸಿಬಿಎಸ್ ವಾಹಿನಿ ಪಟ್ಟು ಬಿಡಲಿಲ್ಲ. ಕೊನೆಗೆ ಶಸ್ತ್ರಚಿಕಿತ್ಸೆಯ ದೃಶ್ಯಗಳಲ್ಲಿ ಮಾತ್ರ ನಗು ಸೇರಿಸಕೂಡದೆಂದು ರಾಜಿಯಾಯಿತು. ಬ್ರಿಟನ್ನಿನಲ್ಲಿ ಬಿಬಿಸಿ ಇದನ್ನು ನಗುವಿಲ್ಲದೆಯೇ ಪ್ರಸಾರ ಮಾಡಿತು. ಡಿವಿಡಿಯಲ್ಲಿಯೂ ಆ ಸದ್ದನ್ನು ತೆಗೆದು ನೋಡುವ ಅನುಕೂಲವಿದ್ದುದರಿಂದ ಹಾಗೆಯೇ ನೋಡಿದೆ. ಅಲನ್ ಆಲ್ಡಾ ನಟಿಸಿದ ಹಾಕೈ ಎಂಬ ವೈದ್ಯನ ಚಟಾಕಿಗಳು, ಅಲ್ಲಿಯವರೆಗೆ ಚಟಾಕಿಗಳಾಗಿದ್ದವು, ಇದ್ದಕ್ಕಿದ್ದಂತೆ ನಿದ್ದೆಗೆಟ್ಟ ಮನುಷ್ಯನ ಬಡಬಡಿಕೆಯಂತೆ ಕೇಳಿಸತೊಡಗಿದವು.

1975ರಲ್ಲಿ ಪ್ರಸಾರವಾದ ಕಂತೊಂದರಲ್ಲಿ, ಎಲ್ಲರೂ ನಗುನಗುತ್ತಾ ಬೀಳ್ಕೊಟ್ಟ ಮುಖ್ಯಾಧಿಕಾರಿ ಹೆನ್ರಿ ಬ್ಲೇಕ್ ಊರಿಗೆ ಹೊರಟ ವಿಮಾನವನ್ನು ಹೊಡೆದುರುಳಿಸಲಾಗಿದೆ, ಯಾರೂ ಬದುಕುಳಿದಿಲ್ಲ ಎಂಬ ಸುದ್ದಿಯನ್ನು ಗುಮಾಸ್ತ ರೇಡಾರ್ ಶಸ್ತ್ರಚಿಕಿತ್ಸೆ ನಡೆದಿರುವಾಗಲೇ ಬಂದು ಓದುತ್ತಾನೆ. ವೈದ್ಯರ ಕೈಗಳು ಕೆಲಸ ನಿಲ್ಲಿಸುವಂತಿಲ್ಲ. ಇಡೀ ಧಾರಾವಾಹಿಯಲ್ಲಿ ನನಗೆ ಇದಕ್ಕಿಂತ ದೊಡ್ಡ ದೃಶ್ಯ ಕಾಣಲಿಲ್ಲ. ಹತ್ತು ಕೋಟಿಗೂ ಹೆಚ್ಚು ಜನ ನೋಡಿದರೆನ್ನುವ ಎರಡೂವರೆ ಗಂಟೆಯ ಕೊನೆಯ ಕಂತೂ ಇದರ ಮುಂದೆ ತುಸು ಸಪ್ಪೆಯೇ.

ಹೊರಾಂಗಣದ ಚಿತ್ರೀಕರಣ ನಡೆದದ್ದು ನಮ್ಮ ಮನೆಯಿಂದ ದೂರವಲ್ಲದ ಮಾಲಿಬು ಕ್ರೀಕ್ ಉದ್ಯಾನದ ಬೆಟ್ಟಗಳ ನಡುವೆ. ಕಳೆದ ಚಳಿಗಾಲದಲ್ಲಿ ಕೊಡಗಿನ ಗೆಳೆಯರೊಬ್ಬರೊಡನೆ ಅಲ್ಲಿಗೆ ನಡೆದುಹೋದೆ. 1982ರ ಕಾಳ್ಗಿಚ್ಚಿನಲ್ಲಿ ಸೆಟ್ಟು ಸುಟ್ಟುಹೋಯಿತು; ನಿರ್ಮಾಪಕರು ಆ ಬೆಂಕಿಯನ್ನೂ ಕೊನೆಯ ಕಂತಿನ ಕಥೆಯೊಳಗೆ ಸೇರಿಸಿಕೊಂಡರು. ಈಗ ಉಳಿದಿರುವುದು ತುಕ್ಕು ಹಿಡಿದ ವಾಹನಗಳು, ಮತ್ತು ಸೋಲ್, ಟೋಕಿಯೊ, ಬಾಸ್ಟನ್ ಎಂದು ಬಾಣಗಳನ್ನು ಜೋಡಿಸಿದ ಪ್ರಸಿದ್ಧ ದಾರಿಗಂಬದ ಪ್ರತಿಕೃತಿ.

ಗೆಳೆಯರು ಅದನ್ನು ಬಹಳ ಹೊತ್ತು ನೋಡಿ, “ಇದರಲ್ಲಿ ಮಡಿಕೇರಿಯೂ ಇರಬೇಕಿತ್ತು ಮಾರಾಯ್ರೆ” ಎಂದರು. ಅವರ ಮಾತು ಅಭಿಮಾನದ ಉತ್ಪ್ರೇಕ್ಷೆಯೇನಲ್ಲ. ಕದನವಿರಾಮದ ನಂತರ, ತಾಯ್ನಾಡಿಗೆ ಮರಳಲೊಪ್ಪದ ಯುದ್ಧಕೈದಿಗಳ ವಿಚಾರ ನೋಡಿಕೊಂಡ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿದ್ದವರು ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ತಿಮ್ಮಯ್ಯನವರು. ಅದಕ್ಕೂ ಮೊದಲು, 1950ರಲ್ಲಿಯೇ, ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ಅವರ ನೇತೃತ್ವದಲ್ಲಿ ಭಾರತದ 60ನೇ ಪ್ಯಾರಾಚೂಟ್ ವೈದ್ಯಕೀಯ ಪಡೆ ಕೊರಿಯಾ ತಲುಪಿ, ಅಂಥದೇ ಚಳಿಯಲ್ಲಿ ಅಂಥದೇ ಶಸ್ತ್ರಚಿಕಿತ್ಸೆಗಳನ್ನು ಮಾಡುತ್ತಿತ್ತು. ನಾನು ನೋಡಿದ ಕಂತುಗಳಲ್ಲಿ ಅವರ ಸುಳಿವಿಲ್ಲ. ಮಡಿಕೇರಿಯ ಬಾಣವನ್ನು ಪೂರ್ವಕ್ಕೆ ತಿರುಗಿಸಬೇಕೋ ಪಶ್ಚಿಮಕ್ಕೋ ಎಂದು ನಾವಿಬ್ಬರೂ ಕಾರು ತಲುಪುವವರೆಗೆ ವಾದಿಸುತ್ತಾ ಬಂದೆವು.