ಆ ಕಲ್ಲುಗಳನ್ನು ನಾನು ತೊಳೆಯುವುದಿಲ್ಲ

ತೊಳೆಯುವುದಿಲ್ಲ. ಹಬ್ಬಕ್ಕೂ ಇಲ್ಲ, ನೆಂಟರು ಬರುತ್ತಾರೆಂದೂ ಇಲ್ಲ. ಮಡಿಕೇರಿಯ ನಮ್ಮ ಮನೆಗೆ ಬಂದವರು ಉಪ್ಪುನೀರಿನ ತೊಟ್ಟಿಯ ಮುಂದೆ ನಿಂತು ಸ್ವಲ್ಪ ಹೊತ್ತು ಕ್ಲೌನ್ ಮೀನು ನೋಡುತ್ತಾರೆ. ಆಮೇಲೆ ಕಣ್ಣು ಹಿಂದಿನ ಬಂಡೆಗಳ ಮೇಲೆ ಬೀಳುತ್ತದೆ. "ಅವನ್ನು ಎಷ್ಟು ದಿನಕ್ಕೊಮ್ಮೆ ತೊಳೆಯುತ್ತೀರಿ?" ಬಾಯಲ್ಲಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಇದನ್ನೇ ಓದಲು ಕೊಡುತ್ತೇನೆ.

ಪ್ರಶ್ನೆಗಿಂತ ಅದರ ಧಾಟಿ ನನ್ನನ್ನು ಕೆರಳಿಸುತ್ತದೆ. ವಿರಾಜಪೇಟೆಯ ಒಂದು ಮದುವೆಯ ಊಟದಲ್ಲಿ ಹಿರಿಯ ಬೆಳೆಗಾರರೊಬ್ಬರು ಇಡೀ ಸಾಲಿಗೆ ಕೇಳುವಂತೆ, "ಏನಪ್ಪಾ, ಮೀನಿಗೆ ಅಷ್ಟು ದುಡ್ಡು ಸುರಿಯುತ್ತೀಯ, ಕಲ್ಲು ಉಜ್ಜಲು ಮಾತ್ರ ಮೈ ಬಗ್ಗುವುದಿಲ್ಲವೇ?" ಎಂದರು. ನಾನು, "ಮಾವ, ಯೂರಿಯಾ ಹಾಕಿದ ಮೇಲೆ ನೀವು ತೋಟದ ಮಣ್ಣನ್ನು ತೊಳೆಯುತ್ತೀರಾ?" ಎಂದೆ. ಅವರು ಪಂದಿ ಕರಿಯತ್ತ ತಿರುಗಿದರು. ಉತ್ತರ ಅವರಿಗೆ ಗೊತ್ತಿತ್ತು ಎಂಬುದೇ ನನ್ನ ಸಿಟ್ಟು. ಯೂರಿಯಾ ಮಣ್ಣಿನಲ್ಲಿ ಅಮೋನಿಯಂ ಆಗುತ್ತದೆ, ಬ್ಯಾಕ್ಟೀರಿಯಾ ಅದನ್ನು ನೈಟ್ರೇಟ್ ಮಾಡುತ್ತವೆ, ಜಡಿಮಳೆ ಆ ನೈಟ್ರೇಟನ್ನು ಕೊಚ್ಚಿಕೊಂಡು ಹೋಗುತ್ತದೆ. ಇಷ್ಟು ತಿಳಿದೇ ಅವರು ಗೊಬ್ಬರದ ಚೀಲ ಬಿಚ್ಚುವುದಕ್ಕೆ ಮಳೆ ಬಿಡುವು ಕೊಡಲೆಂದು ಕಾಯುತ್ತಾರೆ.

ತೊಟ್ಟಿಯಲ್ಲಿ ನಡೆಯುವುದೂ ಅದೇ. ಮೀನು ಕಿವಿರುಗಳಿಂದ ಅಮೋನಿಯ ಬಿಡುತ್ತದೆ. ಸೂಕ್ಷ್ಮಜೀವಿಗಳ ಒಂದು ಗುಂಪು ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಗುಂಪು ನೈಟ್ರೇಟ್ ಮಾಡುತ್ತದೆ. ಅವು ಬಂಡೆಗೆ ಅಂಟಿದ ಲೋಳೆಯಲ್ಲಿ ವಾಸಿಸುತ್ತವೆ. ನಿಮ್ಮ ಕಣ್ಣಿಗೆ ಕೊಳೆಯಾಗಿ ಕಾಣುವುದೇ ನನ್ನ ಫಿಲ್ಟರ್. ಹೊಸ ತೊಟ್ಟಿಯಲ್ಲಿ ಅವು ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಉಪ್ಪುನೀರಿನ ತೊಟ್ಟಿಯ ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ, 7 ಎಂದರೆ ತಟಸ್ಥ) 8.1ರಿಂದ 8.3ರ ಆಸುಪಾಸಿನಲ್ಲಿರುತ್ತದೆ. ಅಲ್ಲಿ ಅಮೋನಿಯದ ವಿಷಕಾರಿ ಪಾಲು ತಟಸ್ಥ ಸಿಹಿನೀರಿನಲ್ಲಿ ಇರುವುದಕ್ಕಿಂತ ಬಹಳ ಹೆಚ್ಚು. ಲೋಳೆ ಹೋದರೆ ಆ ಅಮೋನಿಯ ನೀರಿನಲ್ಲೇ ಉಳಿಯುತ್ತದೆ; ಉಜ್ಜಿ ಫಳಫಳ ಮಾಡಿದ ಮರುದಿನ ಮೀನು ಮೇಲೆ ಬಂದು ಬಾಯಿ ತೆರೆಯುವುದು ಇದಕ್ಕೇ.

"ನಮ್ಮದು ಬಾವಿ ನೀರು, ನಿಮ್ಮ ಜೀವಿಗಳನ್ನು ಕೊಲ್ಲಲು ಕ್ಲೋರಿನ್ ಇಲ್ಲವಲ್ಲ" ಎನ್ನುವ ಜಾಣರೂ ಇದ್ದಾರೆ. ಲೀಟರಿಗೆ 35 ಗ್ರಾಂ ಉಪ್ಪಿನಲ್ಲಿ ಬದುಕುವ ಜೀವಿಯನ್ನು ಸಿಹಿನೀರಿಗೆ ಅದ್ದಿದರೆ ಕ್ಲೋರಿನ್ ಬೇಕಾಗಿಯೇ ಇಲ್ಲ. ನೀರು ಬದಲಿಸುವ ದಿನ ಹೊರತೆಗೆದ ಹಳೆಯ ಉಪ್ಪುನೀರಿನಲ್ಲಿ, ಇದೇ ಜೀವಿಗಳು ಕೂರಲೆಂದು ಇಟ್ಟ ಸೆರಾಮಿಕ್ ತುಂಡುಗಳನ್ನು ಮೆಲ್ಲಗೆ ಅಲುಗಿಸಿ ರಂಧ್ರ ಮುಚ್ಚಿದ ಕೆಸರು ತೆಗೆಯುತ್ತೇನೆ, ಅದೂ ಒಂದು ಸಲಕ್ಕೆ ಒಂದು ಪಾಲನ್ನು ಮಾತ್ರ. ಕಸ ಹಿಡಿಯುವ ಸ್ಪಂಜನ್ನು ಮಾತ್ರ ಆಗಾಗ ತೊಳೆಯಬೇಕು. ಅಲ್ಲಿ ಸಿಕ್ಕಿಕೊಂಡ ಆಹಾರ ಕೊಳೆತರೆ ಹೊಸ ಅಮೋನಿಯ.

ಕಲ್ಲಿನ ಆಯ್ಕೆಯ ಬಗ್ಗೆಯೂ ಸಲಹೆಗಳು ಪುಕ್ಕಟೆ ಬರುತ್ತವೆ. ಕಾವೇರಿ ಹೊಳೆಯ ಉರುಟು ಕಲ್ಲು ನುಣುಪು, ಜೀವಿಗಳು ಕೂರಲು ಹೊರಮೈ ಬಿಟ್ಟರೆ ಜಾಗವಿಲ್ಲ. ಜಂಬಿಟ್ಟಿಗೆಗೆ ರಂಧ್ರಗಳಿವೆ, ಜೊತೆಗೆ ಬೇಡವೆನ್ನುವಷ್ಟು ಕಬ್ಬಿಣವೂ ಇದೆ. ನಾನು ಬಳಸುವುದು ರಂಧ್ರಮಯ ಒಣ ಸುಣ್ಣದ ಬಂಡೆ. ಅದರ ಒಳಭಾಗಕ್ಕೆ ಆಮ್ಲಜನಕ ತಲುಪದ ಕಡೆ ಬೇರೆ ಬ್ಯಾಕ್ಟೀರಿಯಾ ನೈಟ್ರೇಟನ್ನು ಸಾರಜನಕ ಅನಿಲ ಮಾಡಿ ಹೊರಗೆ ಕಳುಹಿಸುತ್ತವೆ. ಜೀವಿಗಳು ಕೂರಲೆಂದು ಮಾರುವ ಪ್ಲಾಸ್ಟಿಕ್ ಚೆಂಡುಗಳು ಈ ಕೊನೆಯ ಕೆಲಸ ಮಾಡುವುದಿಲ್ಲ. ಇನ್ನು, "ಹವಳ ಎಲ್ಲಿ?" ಎನ್ನುವವರಿಗೆ: ದಿಬ್ಬ ಕಟ್ಟುವ ಗಟ್ಟಿ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಹುಲಿ ಇರುವ ಪಟ್ಟಿಯಲ್ಲೇ; ನನ್ನ ತೊಟ್ಟಿಯಲ್ಲಿ ಅವು ಇಲ್ಲದಿರುವುದು ಅದಕ್ಕೇ.

ಯಾರೂ ಕೇಳದ ಪ್ರಶ್ನೆ ಬೇರೆ ಇದೆ: ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದಾಗ ಏನು ಮಾಡುತ್ತೀರಿ? ಕೊಡಗಿನಲ್ಲಿ ಈ ಜೀವಿಗಳು ಬಂಡೆಯಲ್ಲಿ ಕೂರಬೇಕೋ ಡಬ್ಬಿಯಲ್ಲೋ ಎಂದು ಆಯ್ಕೆ ಮಾಡಬೇಕಾದದ್ದು ಈ ಪ್ರಶ್ನೆಯನ್ನು ಇಟ್ಟುಕೊಂಡೇ. ಅಂಗಡಿಯವರು ಹೊಗಳುವ ಮುಚ್ಚಿದ ಡಬ್ಬಿಯ ಫಿಲ್ಟರಿನಲ್ಲಿ ನೀರು ನಿಂತರೆ ಒಳಗಿನ ಜೀವಿಗಳು ಇದ್ದ ಆಮ್ಲಜನಕವನ್ನು ಮುಗಿಸಿ ಸಾಯತೊಡಗುತ್ತವೆ. ಕರೆಂಟ್ ಬಂದಾಗ ಆ ನಾರುವ ನೀರು ನೇರ ಮೀನಿನ ಮೇಲೆ ಬೀಳುತ್ತದೆ. ಡಬ್ಬಿ ಇದ್ದವರು ಆ ನೀರನ್ನು ಚೆಲ್ಲಿ ಆಮೇಲೆ ಸ್ವಿಚ್ ಹಾಕಿ. ತೊಟ್ಟಿಯೊಳಗೇ ಇರುವ ಬಂಡೆಗೆ ಈ ಗಂಡಾಂತರ ಕಡಿಮೆ, ಬ್ಯಾಟರಿಯ ಚಿಕ್ಕ ಗಾಳಿ ಪಂಪ್ ಅದನ್ನೂ ಮೀನನ್ನೂ ಒಟ್ಟಿಗೆ ಕಾಯುತ್ತದೆ. ಹೀಟರ್ ನಿಂತು ನೀರು ನಿಧಾನವಾಗಿ ತುಸು ತಣ್ಣಗಾದರೆ ಗಾಬರಿ ಬೇಡ, ತಣ್ಣನೆಯ ನೀರು ಆಮ್ಲಜನಕವನ್ನು ಹೆಚ್ಚು ಹಿಡಿದಿಡುತ್ತದೆ. ಆಹಾರ ಪೂರ್ತಿ ನಿಲ್ಲಿಸಿ. ಆರೋಗ್ಯದ ದೊಡ್ಡ ಮೀನು ಒಂದೆರಡು ದಿನ ಉಪವಾಸ ತಾಳುತ್ತದೆ. ಬ್ಯಾಟರಿಯೂ ಇಲ್ಲದೆ ನಡುರಾತ್ರಿ ನನಗೆ ಫೋನ್ ಮಾಡುವವರು ಫೋನ್ ಕೆಳಗಿಟ್ಟು ಒಂದು ಚೊಂಬು ತೆಗೆದುಕೊಳ್ಳಿ, ತೊಟ್ಟಿಯ ನೀರನ್ನೇ ಎತ್ತಿ ಮೇಲಿನಿಂದ ಸುರಿಯುತ್ತಿರಿ.